ಸ್ಟ್ರೆಚರಿನ ಮೇಲೆ ಅಡಿಕೆ ಚೀಲ

ಮೇ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಸಿದ್ದಾಪುರ ತಾಲೂಕಿನಲ್ಲಿ ಹೆಗ್ಗರಣೆ ಕಡೆಯ ಒಂದು ಹಳ್ಳದ ಆಚೆ ದಡ. ಹಾಜರಿದ್ದವರು: ಅಲ್ಲಿಯ ಯುವಕ ಸಂಘದ ಕಾರ್ಯದರ್ಶಿ ಹುಡುಗಿ, ರೋಗಿಗಳನ್ನು ಹೊರುವ ತಂಡದ ನಾಲ್ವರು ಹುಡುಗರು, ಆ ನಾಲ್ವರಲ್ಲಿ ಒಬ್ಬನ ಬಸುರಿ ಹೆಂಡತಿ, ಅವಳ ಅತ್ತೆ ಮತ್ತು ನಾನು. ಬರಬೇಕಾಗಿದ್ದವರು: ಪ್ರಶಸ್ತಿ ಸಮಿತಿಯವರು. ಅವರು ತಿಳಿಸಿದ ಹೊತ್ತು ಒಂಬತ್ತು. ಬಂದದ್ದು ಮಧ್ಯಾಹ್ನ ಹನ್ನೆರಡೂವರೆಗೆ.

ಯಾರಿದ್ದರು, ಎಷ್ಟು ಹೊತ್ತು, ಏನಾಯಿತು, ಏನು ಉಳಿಯಿತು. ನರ್ಸಾಗಿದ್ದಷ್ಟು ಕಾಲ ಪಾಳಿ ಬದಲಾಗುವಾಗ ಮುಂದಿನವಳಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ. ಯಲ್ಲಾಪುರದಲ್ಲಿ ಕೆಲವು ವರ್ಷ, ಶಿರಸಿಯಲ್ಲಿ ಬಹಳ ವರ್ಷ ದುಡಿದು, ನಿವೃತ್ತಿಯಾದ ಮೇಲೆ ಸಿದ್ದಾಪುರದಲ್ಲಿ ಮನೆ ಮಾಡಿಕೊಂಡೆ. ಕ್ರಮ ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ಬರದವರನ್ನು ಕಂಡರೆ ನನಗೆ ಈಗಲೂ ಸಿಟ್ಟು. ಆದರೆ ತೊಂಬತ್ತರ ದಶಕದ ಕೊನೆಯ ಆ ಶನಿವಾರದ ಸಿಟ್ಟು ತಡವಾಗಿ ಬಂದದ್ದಕ್ಕೆ ಮಾತ್ರ ಅಲ್ಲ.

ಹಳ್ಳದ ಆಚೆ ಕೆಲವೇ ಮನೆಗಳು. ಡಾಂಬರು ರಸ್ತೆ ಈಚೆ ದಡದಲ್ಲೇ ಮುಗಿದುಹೋಗುತ್ತದೆ. ಬೇಸಿಗೆಯಲ್ಲಿ ಜನ ಹಳ್ಳಕ್ಕೆ ಇಳಿದೇ ದಾಟುತ್ತಾರೆ. ಮಳೆಗಾಲಕ್ಕೆ ಮುಂಚೆ ಅಡಿಕೆ ಮರ ಸೀಳಿ, ಕಟ್ಟಿ, ದಡದಿಂದ ದಡಕ್ಕೆ ಸಂಕ ಹಾಕುತ್ತಾರೆ. ಕಾಯಿಲೆ ಬಿದ್ದವರನ್ನು ಕಂಬಳಿಯಲ್ಲಿ ಕೂರಿಸಿ, ಕಂಬಳಿಯನ್ನು ಜೋಲಿಯಂತೆ ಒಂದು ಬಿದಿರಿಗೆ ಕಟ್ಟಿ, ಇಬ್ಬರು ಹೆಗಲ ಮೇಲೆ ಹೊತ್ತು ಆ ಸಂಕ ದಾಟುತ್ತಾರೆ. ಜ್ವರಕ್ಕೆ, ಕಾಲು ಉಳುಕಿದ್ದಕ್ಕೆ ಅದು ಸಾಕು. ಸೊಂಟ ಮುರಿದ ಮುದುಕನಿಗೆ ಸಾಲದು. ರಕ್ತದ ಒತ್ತಡ ಏರಿದ ಬಸುರಿಗೆ ಸಾಲುವುದೇ ಇಲ್ಲ. ಅವಳನ್ನು ಎಡ ಮಗ್ಗುಲಿಗೆ, ಕಾಲು ಚಾಚಿ ಮಲಗಿಸಿ ಒಯ್ಯಬೇಕು. ಜೋಲಿಯಲ್ಲಿ ಅವಳು ಮುದುಡಿ ಕೂರುತ್ತಾಳೆ, ಹೊಟ್ಟೆ ಒತ್ತುತ್ತದೆ, ಉಸಿರು ಕಟ್ಟುತ್ತದೆ.

ಇದು ಪುಸ್ತಕದ ಮಾತಲ್ಲ. ಅಲ್ಲಿ ನಿಂತಿದ್ದ ಬಸುರಿಗೆ ಅದು ಎರಡನೆಯ ಬಸಿರು. ಮೊದಲನೆಯದಕ್ಕೆ ಆಷಾಢದ ಮಳೆಯಲ್ಲಿ ಅವಳನ್ನು ಕಂಬಳಿ ಜೋಲಿಯಲ್ಲೇ ತಂದರು. ಅವಳು ಉಳಿದಳು, ಮಗು ಉಳಿಯಲಿಲ್ಲ. ಆಮೇಲೆಯೇ ಅವಳ ಗಂಡನೂ ಅವನ ಮೂವರು ಸ್ನೇಹಿತರೂ ಸೇರಿ ಹೊರುವ ತಂಡ ಮಾಡಿದ್ದು. ಯಾರೂ ಹೇಳಿ ಮಾಡಿಸಲಿಲ್ಲ. ಎರಡು ಉದ್ದ ಬಿದಿರಿಗೆ ಅಡ್ಡ ಪಟ್ಟಿ ಕಟ್ಟಿ, ಹಗ್ಗ ನೇಯ್ದು, ಮಲಗಿಸಿ ಒಯ್ಯುವ ಸ್ಟ್ರೆಚರನ್ನು ತಾವೇ ತಯಾರಿಸಿದರು. ಸುತ್ತಲಿನ ಮನೆಗಳಿಗೆಲ್ಲ ಕರೆದಾಗ ಹೋದರು. ನನ್ನ ಹತ್ತಿರ ಬಂದು, ಎತ್ತುವುದು ಹೇಗೆ, ಇಳಿಸುವುದು ಹೇಗೆ, ತಲೆ ಯಾವ ಕಡೆ ಇರಬೇಕು ಎಂದೆಲ್ಲ ಕಲಿತುಕೊಂಡರು. ಈಗ ಅವಳು ಮತ್ತೆ ಬಸುರಿ, ಕಾಲು ಬಾತಿತ್ತು, ಒತ್ತಡ ಆಗಲೇ ಏರುತ್ತಿತ್ತು, ದಿನ ತುಂಬುವುದು ಮತ್ತೆ ಮಳೆಯಲ್ಲೇ.

ಆದರೆ ಮಳೆಯಲ್ಲಿ ಬಿದಿರು ಜಾರುತ್ತದೆ, ಹಗ್ಗ ಸಡಿಲವಾಗುತ್ತದೆ. ಬೆಲ್ಟು ಇರುವ, ಹಗುರ ಲೋಹದ, ಕ್ಯಾನ್ವಾಸಿನ ಸ್ಟ್ರೆಚರ್ ಒಂದು ಬೇಕಿತ್ತು. ನನ್ನ ಮನೆಗೆ ಬಂದು ಇದ್ದುಬಿಡಲಿ, ಆಸ್ಪತ್ರೆ ಹತ್ತಿರ ಎಂದು ನಾನು ಎಷ್ಟೋ ಸಲ ಹೇಳಿದೆ. ಅತ್ತೆ ಕೇಳಲಿಲ್ಲ. "ನೋವು ಬಪ್ಪುಕ್ಕಿಂತ ಮುಂಚೆ ಮಂದಿ ಮನೇಲಿ ಬಿಟ್ಟಿಕ್ಕಿ ಬಂದ್ರೆ ಜನ ಎಂತ ಹೇಳ್ತ? ಹುಡುಗ್ರು ಸ್ಟ್ರೆಚರ್ ತತ್ವಡ. ಬರ್ಲಿ, ನೋಡನ" ಎನ್ನುತ್ತಿದ್ದರು. ಹುಡುಗರು ತರುತ್ತಾರಂತಲ್ಲ, ನೋಡೋಣ ಎಂಬುದೇ ಅವರ ಮಾತು, ಹಾಗಾಗಿ ಎಲ್ಲವೂ ಆ ಸ್ಟ್ರೆಚರಿಗೆ ಬಂದು ನಿಂತಿತ್ತು.

ಸ್ಟ್ರೆಚರಿಗಾಗಿ ನಾನೂ ಕಾರ್ಯದರ್ಶಿ ಹುಡುಗಿಯೂ ಸುತ್ತಿದ ಸುತ್ತನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಯುವಜನರಿಗೆ ಅನುದಾನ, ಯುವಜನರಿಗೆ ಪ್ರಶಸ್ತಿ ಎಂದು ಪೇಪರಿನಲ್ಲಿ ಬರುತ್ತಿತ್ತು, ರೇಡಿಯೋದಲ್ಲಿ ಬರುತ್ತಿತ್ತು. ಕತ್ತರಿಸಿ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದೆವು. ಯಲ್ಲಾಪುರದ ಒಂದು ಕಚೇರಿಯಲ್ಲಿ ಮೇಜಿನ ಹಿಂದಿದ್ದವರು ಕೇಳಿದ ಮೊದಲ ಪ್ರಶ್ನೆ, "ಕೋಲಾಟ ಮಾಡ್ತೀರಾ?"

"ಇಲ್ಲ, ರೋಗಿಗಳನ್ನ ಹೊರ್ತೇವೆ" ಎಂದಳು ಹುಡುಗಿ.

"ಕಬಡ್ಡಿ?"

"ಇಲ್ಲ ಸರ್. ರೋಗಿಗಳನ್ನ..."

"ಕೇಳ್ಸ್ತು ತಂಗಿ. ಅದು ಕ್ರೀಡೆನೂ ಅಲ್ಲ, ಸಾಂಸ್ಕೃತಿಕನೂ ಅಲ್ಲ. ಯಾವ ಕಲಮಿಗೆ ಹಾಕ್ಲಿ ಹೇಳು?"

ಶಿರಸಿಯಲ್ಲಿ ಒಂದು ಸಂಘದ ಶ್ರೀಮಂತರು ಕೊಡಲು ಒಪ್ಪಿದರು. ಆದರೆ ಸ್ಟ್ರೆಚರಿನ ಎರಡೂ ಬದಿಗೆ ಸಂಘದ ಹೆಸರು, ಅಧ್ಯಕ್ಷರ ಹೆಸರು, ಅವರ ತೀರಿಹೋದ ತಂದೆಯ ಹೆಸರು ಬರೆಸಬೇಕಂತೆ. ಬರೆಸೋಣ ಎಂದೆ. ಆಮೇಲೆ ಅವರ ಮನಸ್ಸು ಬದಲಾಯಿತು. ಕಾಯಿಲೆಯವರು ಮಲಗುವ ವಸ್ತುವಿನ ಮೇಲೆ ತಂದೆಯ ಹೆಸರು ಅಪಶಕುನವಂತೆ. ನೀರಿನ ಫಿಲ್ಟರ್ ಕೊಡುತ್ತೇವೆ ಎಂದರು. ಹಳ್ಳದಾಚೆಯವರು ಝರಿಯ ನೀರು ಕುಡಿಯುವವರು. ಫಿಲ್ಟರಿನಲ್ಲಿ ಬಸುರಿಯನ್ನು ಕೂರಿಸಿ ತರುವುದು ಹೇಗೆ ಎಂದು ನಾನು ಕೇಳಿದೆ. ಆ ಬಾಗಿಲೂ ಮುಚ್ಚಿತು.

ಉಮ್ಮಚಗಿ ಕಡೆಯ ಒಂದು ತಂಡಕ್ಕೆ ಹಿಂದೊಮ್ಮೆ ಪ್ರಶಸ್ತಿ ಬಂದಿತ್ತು. ಉಪಾಯ ಕೇಳಲು ಅಲ್ಲಿಗೂ ಹೋದೆವು. ಹುಡುಗರು ಒಳ್ಳೆಯವರು, ಚಹಾ ಕೊಟ್ಟರು, ಶೀಲ್ಡ್ ತೋರಿಸಿದರು. "ದುಡ್ಡು ಕೊಡ್ತಾರೆ ಅಂತ ಮಾಡಿದ್ವಿ ಅಕ್ಕಾ. ಶೀಲ್ಡ್ ಕೊಟ್ರು. ಅದನ್ನ ಇಡೋಕೆ ಗಾಜಿನ ಕಪಾಟು ಮಾಡ್ಸೋಕೆ ನಾವೇ ವಂತಿಗೆ ಎತ್ತಿದ್ವಿ" ಎಂದು ನಕ್ಕರು. ಹೊರಡುವಾಗ ಒಬ್ಬ ಹೇಳಿದ, "ಒಂದು ಬ್ಯಾನರ್ ಮಾತ್ರ ಮರೀಬೇಡಿ. ಅವರು ಕೆಲಸ ನೋಡೋಕೆ ಬರೋದಲ್ಲ, ಫೋಟೊ ತೆಗೆಯೋಕೆ ಬರೋದು."

ಕೊನೆಗೆ ಬಯಲುಸೀಮೆಯ ಒಂದು ದೊಡ್ಡ ಊರಿನ ಸಂಸ್ಥೆಯ ಪ್ರಕಟಣೆ ಸಿಕ್ಕಿತು. ಯುವಕರೇ ಮುಂದೆ ನಿಂತು ಮಾಡುವ ಊರ ಕೆಲಸಕ್ಕೆ ಪ್ರಶಸ್ತಿ, ಜೊತೆಗೆ ಆ ಕೆಲಸಕ್ಕೆ ಬೇಕಾದ ಸಾಮಾನು. ಸಾಮಾನು ಎಂಬ ಮಾತು ಓದಿ ಹುಡುಗಿ ಕುರ್ಚಿಯಿಂದ ಎದ್ದೇ ನಿಂತಳು. ಅರ್ಜಿ ಹೋಯಿತು. ಸಮಿತಿ ಬಂದು ನೋಡುತ್ತದೆ ಎಂದು ಉತ್ತರವೂ ಬಂತು. ಪ್ರಶಸ್ತಿ ನಮಗೆ ಬರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಕೊನೆಯ ತನಕ ಕಾಯಿಸುವುದು ನನಗೆ ಸರಿಬರುವುದಿಲ್ಲ. ಏಕೆ ಬರಲಿಲ್ಲ ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಹನ್ನೆರಡೂವರೆಗೆ ಈಚೆ ದಡದಲ್ಲಿ ಜೀಪು ನಿಂತಿತು. ಸಫಾರಿ ತೊಟ್ಟ ಸಮಿತಿಯ ಮುಖ್ಯಸ್ಥರು ಇಳಿದರು, ಅವರ ಹಿಂದೆ ಒಬ್ಬ ಫೋಟೊದವನು, ಚಾಲಕ. ತಡವಾದದ್ದಕ್ಕೆ ಒಂದು ಮಾತಿಲ್ಲ. ಹೊಸದಾಗಿ ಹಾಕಿದ್ದ ಸಂಕ ನೋಡಿ, ಕೆಳಗೆ ಹಳ್ಳ ನೋಡಿ ಮುಖ್ಯಸ್ಥರು ಕೇಳಿದ್ದು, "ನೀರಽ ಇಲ್ಲಲ್ರಿ. ಇದರ ಮ್ಯಾಲೆ ಯಾಕ ಹೊರತೀರಿ?"

"ಮುಂದಿನ ತಿಂಗಳು ಬನ್ನಿ, ನೀರು ತೋರಿಸುತ್ತೇವೆ" ಎಂದೆ.

"ಮಳಿಗಾಲದಾಗ ಗಾಡಿ ಬರೂದಿಲ್ರಿ ಇಲ್ಲಿ."

ಗಾಡಿ ಬರುವುದಿಲ್ಲ ಎಂಬುದನ್ನು ತಾವೇ ಹೇಳಿದರು, ತಮಗೇ ಕೇಳಿಸಲಿಲ್ಲ. ಸಂಕ ದಾಟಿ ಆಚೆ ಬಂದು ನಾವು ಕಟ್ಟಿದ್ದ ಬ್ಯಾನರ್ ಓದಿದರು. "ನಡೀರಿ, ಲಗೂ ತೋರಸ್ರಿ. ನಮ್ಮ ಊಟ ಶಿರಸ್ಯಾಗ ಅದ."

ಇಲ್ಲಿ ಒಂದು ಮಾತು ಹೇಳಬೇಕು. ಎರಡು ಬಿದಿರು, ಅಡ್ಡ ಪಟ್ಟಿ, ನಾಲ್ಕು ಹೆಗಲು. ನಮ್ಮ ಕಡೆ ಇದು ಏನನ್ನು ನೆನಪಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಜೀವ ಹೋಗುವ ನೋವಿದ್ದಾಗ ಯಾರೂ ಅದನ್ನು ಯೋಚಿಸುತ್ತಿರಲಿಲ್ಲ, ಮಲಗಿಸಿಕೊಂಡು ಬರುತ್ತಿದ್ದರು. ಆದರೆ ಏನೂ ಆಗದ ಮನುಷ್ಯ ಸುಮ್ಮನೆ ಅದರ ಮೇಲೆ ಮಲಗುವುದೆಂದರೆ, ಇಲ್ಲ. ಹುಡುಗರು ಅಭ್ಯಾಸ ಮಾಡುತ್ತಿದ್ದದ್ದು ಯಾವಾಗಲೂ ಚೀಲ ಇಟ್ಟುಕೊಂಡು. ಒಣಗಿಸಿ ಸುಲಿದ ಚಾಲಿ ಅಡಿಕೆಯ ಒಂದು ಚೀಲ ಹೆಚ್ಚುಕಡಿಮೆ ಒಬ್ಬ ಮನುಷ್ಯನ ತೂಕ ಬರುತ್ತದೆ. ಹಾಗಾಗಿ ತೋರಿಸಿ ಎಂದ ಕೂಡಲೇ ಅವರು ಹಿಂದೆ ಮುಂದೆ ನೋಡದೆ ಅಡಿಕೆ ಚೀಲ ತಂದು ಸ್ಟ್ರೆಚರಿನ ಮೇಲಿಟ್ಟು, ನಾನು ಕಲಿಸಿದ ಹಾಗೆ ಮೂರು ಕಡೆ ಕಟ್ಟಿ, ಒಂದೇ ಉಸಿರಿಗೆ ಎತ್ತಿದರು. ಎಷ್ಟು ಚೆಂದ ಎತ್ತಿದರು ಎಂದರೆ, ಆಸ್ಪತ್ರೆಯಲ್ಲಿ ನನ್ನ ಕೈ ಕೆಳಗಿದ್ದವರು ಹಾಗೆ ಎತ್ತಿದ್ದರೆ ನಾನು ಅರ್ಧ ಬೈಗುಳ ಉಳಿಸುತ್ತಿದ್ದೆ.

ಮುಖ್ಯಸ್ಥರು ಹುಬ್ಬೇರಿಸಿದರು. "ಏನ್ರಿ ಇದು, ಅಡಿಕಿ ವ್ಯಾಪಾರೇನು?"

"ಅಲ್ಲ ಸರ್, ಇದು ರೋಗಿ ಅಂತ..." ಎಂದಳು ಕಾರ್ಯದರ್ಶಿ.

"ರೋಗಿ ಎಲ್ಲದಾರ್ರಿ? ನನಗ ಕಾಣೂದು ಚೀಲ. ಚೀಲದ ಫೋಟೊ ತಗೊಂಡು ನಾ ಏನು ಮಾಡ್ಲಿ? ಯಾರರ ಒಬ್ರು ಮಲಗ್ರಿ. ಐದು ಮಿನಿಟಿನ ಕೆಲಸ."

ಯಾರೂ ಅಲ್ಲಾಡಲಿಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. "ಅಯ್ಯೋ ರಾಮಾ, ಬದುಕಿದ್ದವ್ರನ್ನ ಬಿದಿರ ಮೇಲೆ ಮಲಗ್ಸಿ ಹೊರವಡ! ಆನು ಬಿಡ್ತ್ನಿಲ್ಲೆ" ಎಂದು ಅಡ್ಡ ನಿಂತರು.

ನಾನು ಮಲಗುತ್ತೇನೆ ಎಂದು ಚಪ್ಪಲಿ ಬಿಟ್ಟೆ. ನಾಲ್ವರೂ ಸ್ಟ್ರೆಚರನ್ನು ಕೆಳಗಿಟ್ಟು ಕೈ ಕಟ್ಟಿ ನಿಂತರು. "ಸಿಸ್ಟರಕ್ಕ, ನಿಮ್ಮನ್ನ ಇದರ ಮೇಲೆ ಹೊರೋದು ನಮ್ಮಿಂದ ಆಗೋದಿಲ್ಲ. ಬೇಡ" ಎಂದ ಬಸುರಿಯ ಗಂಡ. ನನ್ನ ಸಿಟ್ಟು ಅವರ ಮೇಲೆ ಹೋಗಬೇಕಿತ್ತು, ಹೋಗಲಿಲ್ಲ. ನಾಟಕ ಆಡಿಸಲು ಬಂದವರ ಮೇಲೆ ಹೋಯಿತು.

"ಹಾಗಾದರೆ ನೀವೇ ಮಲಗಿ" ಎಂದೆ ಮುಖ್ಯಸ್ಥರಿಗೆ. "ತೂಕವೂ ಒಳ್ಳೆಯದಿದೆ. ಪರೀಕ್ಷೆ ಸರಿಯಾಗಿ ಆಗುತ್ತದೆ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. ಕೈ ತಾನಾಗಿ ಕೊರಳಿನ ತಾಯಿತಕ್ಕೆ ಹೋಯಿತು. "ನಾ ಯಾಕ್ರಿ ಮಲಗ್ಲಿ! ಹೆಂತಾ ಮಾತಾಡ್ತೀರಿ ನೀವು, ವಯಸ್ಸಾದವರು!"

ಭಯ ಅವರಿಗೂ ಇತ್ತು. ಹಳ್ಳಿಯವರಿಗೆ ಇದ್ದರೆ ಅದು ಮೌಢ್ಯ, ಅವರಿಗೆ ಇದ್ದರೆ ಅದು ನನ್ನ ಬಾಯಿಯ ತಪ್ಪು. ಅವರು ಜೇಬಿನಿಂದ ಪೆನ್ನು ತೆಗೆದು, ಬರೆಯುತ್ತಲೇ ಗಟ್ಟಿಯಾಗಿ ಓದಿದರು: "ಕೃಷಿ ಉತ್ಪನ್ನ ಸಾಗಾಟ. ಸಮುದಾಯ ಸೇವೆ ಕಂಡುಬರಲಿಲ್ಲ."

ಕಾರ್ಯದರ್ಶಿ ಹುಡುಗಿಯ ಕಣ್ಣಲ್ಲಿ ನೀರು ಬಂತು. ಸೊಂಟ ಮುರಿದ ಮುದುಕ, ಹಾವು ಕಚ್ಚಿದ ಹೆಂಗಸು, ಹೊಟ್ಟೆನೋವಿನ ಮಕ್ಕಳು, ಇವರನ್ನೆಲ್ಲ ಆ ಹುಡುಗರು ಮಳೆಯಲ್ಲಿ ಹೊತ್ತದ್ದು ಒಂದು ಗೆರೆಯಲ್ಲಿ ಅಡಿಕೆಯ ಸಾಗಾಟವಾಯಿತು. ಬೇಕಿದ್ದರೆ ಆ ಮನೆಗಳಿಗೆ ಹೋಗಿ ಕೇಳಿ, ಹತ್ತಿರದಲ್ಲೇ ಇವೆ ಎಂದೆ. ಊಟ ಆರಿಹೋಗುತ್ತದೆ ಎಂದರು.

ಅಷ್ಟರಲ್ಲಿ ಬಸುರಿ ಎದ್ದು ಬಂದಳು. ಅಲ್ಲಿಯ ತನಕ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಚೀಲದ ಗಂಟು ತಾನೇ ಬಿಚ್ಚಿದಳು. "ಚೀಲ ಇಳಿಸಿ" ಎಂದಳು ಗಂಡನಿಗೆ. ಅವನು ಇಳಿಸಿದ. ಅವಳು ಕಂಬಳಿ ಹಾಸಿ, ನಿಧಾನವಾಗಿ ಕೂತು, ಎಡ ಮಗ್ಗುಲಿಗೆ ಹೊರಳಿ, ಕಾಲು ಚಾಚಿದಳು. ನಾನು ತಿಂಗಳುಗಳಿಂದ ಬಾಯಲ್ಲಿ ಹೇಳುತ್ತಿದ್ದದ್ದನ್ನು ಅವಳು ಅಕ್ಷರಶಃ ಕಲಿತಿದ್ದಳು.

"ಯೇ ಕೂಸೆ, ಮಳ್ಳು ಹಿಡದ್ದಾ ನಿಂಗೆ? ಏಳು! ಮೊದ್ಲು ಏಳು!" ಅತ್ತೆ ಓಡಿ ಬಂದರು.

"ಅತ್ತೇ, ಬಪ್ಪ ತಿಂಗ್ಳು ಹೊರದು ಎನ್ನನ್ನೇ ಅಲ್ದಾ? ಇವತ್ತೇ ಹೊರ್ಲಿ" ಎಂದಳು ಅವಳು.

ಗಂಡನ ಮುಖ ಬಿಳಿಚಿಕೊಂಡಿತ್ತು. ನಾನು ಬಗ್ಗಿ ಅವಳ ನಾಡಿ ಹಿಡಿದೆ. ಸರಿಯಾಗಿತ್ತು. ಕಟ್ಟಿ, ಎತ್ತಿ, ಎಂದೆ. ನನ್ನ ಸ್ವರ ವಾರ್ಡಿನ ಸ್ವರವಾಗಿತ್ತು, ಅದಕ್ಕೆ ಅವರು ಎದುರಾಡುವುದಿಲ್ಲ. ಎತ್ತಿದರು. ದಡದ ತನಕ ನಾಲ್ವರು, ಸಂಕದ ಮೇಲೆ ಮುಂದೊಬ್ಬ ಹಿಂದೊಬ್ಬ. ಹಿಂದಿದ್ದವನು ಗಂಡ.

ಸಂಕದ ನಟ್ಟನಡುವೆ ಬಂದಾಗ ಫೋಟೊದವನು ಹಳ್ಳದಲ್ಲಿ ಇಳಿದು ನಿಂತು ಕೂಗಿದ: "ಅಲ್ಲೇ ನಿಲ್ರಿ! ಒಂದು ಮಿನಿಟ್! ಅಕ್ಕಾರ, ಮುಖ ಸ್ವಲ್ಪ ಈ ಕಡೆ!"

"ನಿಲ್ಲಬೇಡಿ! ನಡೀರಿ!" ಎಂದು ನಾನು ಕೂಗಿದ ಕೂಗಿಗೆ ಈಚೆ ದಡದ ಜೀಪಿನ ಚಾಲಕ ಬೆಚ್ಚಿ ನಿಂತ. ಹುಡುಗರು ನಿಲ್ಲಲಿಲ್ಲ. ಆದರೂ ಫೋಟೊ ಸಿಕ್ಕಿತು. ಮರುವರ್ಷ ಅದೇ ಸಂಸ್ಥೆ ಅದೇ ಪ್ರಶಸ್ತಿಗೆ ಅರ್ಜಿ ಕರೆದಾಗ, ಪ್ರಕಟಣೆಯ ಮೇಲೆ ಅಚ್ಚಾಗಿದ್ದದ್ದು ನಮ್ಮ ಸಂಕ, ನಮ್ಮ ಹುಡುಗರು, ನಮ್ಮ ಬಸುರಿ. ಪ್ರಶಸ್ತಿಗೆ ನಾವು ತಕ್ಕವರಲ್ಲ, ಪ್ರಚಾರಕ್ಕೆ ತಕ್ಕವರು. ನಾನು ಒಂದು ಖಾರದ ಪತ್ರ ಬರೆದೆ. ಉತ್ತರ ಬರಲಿಲ್ಲ.

ನಾನೂ ಮುಖ್ಯಸ್ಥರೂ ಹಿಂದೆಯೇ ದಾಟಿದೆವು. ಈಚೆ ದಡದಲ್ಲಿ ಅವರು ಚಪ್ಪಾಳೆ ತಟ್ಟಿದರು. "ಬರೋಬ್ಬರಿ ಆತು. ಇಳಸ್ರಿ ಇನ್ನ."

"ಆನು ಇಳಿತ್ನಿಲ್ಲೆ" ಎಂದಳು ಬಸುರಿ, ಮಲಗಿದಲ್ಲಿಂದಲೇ.

ಏಕೆ ಇಳಿಯುವುದಿಲ್ಲ ಎಂದು ಯಾರಿಗೂ ಅರ್ಥವಾಗಲಿಲ್ಲ. ನನಗೂ ಒಂದು ಕ್ಷಣ ಆಗಲಿಲ್ಲ.

"ಸಿಸ್ಟರಕ್ಕ, ಹಳ್ಳ ದಾಟಿ ಆತಲ್ದಾ? ತಿರುಗಿ ದಾಟದು ಎಂತಕ್ಕೆ? ಮಗು ಆಗೋ ತನಕ ನಿಮ್ಮನೇಲೇ ಇರ್ತೆ. ಗಾಡಿನೂ ಇಲ್ಲೇ ಇದ್ದು."

ಮುಖ್ಯಸ್ಥರಿಗೆ ಆಗ ತಿಳಿಯಿತು. "ನಮ್ಮ ಗಾಡಿ ಏನ್ರಿ? ಇಲ್ಲಾ ಇಲ್ಲಾ. ನಾವು ಶಿರಸಿಗೆ ಹೋಗಾವ್ರು. ಸಿದ್ದಾಪುರ ದಾರಿ ಬ್ಯಾರೆ. ಇದು ಸಂಸ್ಥೆ ಗಾಡಿ, ಪೇಷಂಟಿಗೆ ಅಲ್ಲ."

ಸ್ಟ್ರೆಚರಿಗಾಗಿ ಊರೂರು ಸುತ್ತಿದ ಎರಡು ವರ್ಷ ನುಂಗಿಕೊಂಡದ್ದೆಲ್ಲ ಆಗ ನನ್ನ ಬಾಯಿಂದ ಬಂತು. ರೋಗಿ ಎಲ್ಲಿ ಎಂದು ಕೇಳಿದವರು ನೀವು. ಇದೋ ರೋಗಿ. ಒತ್ತಡ ಏರಿದೆ, ಕಾಲು ಬಾತಿದೆ, ಒಂದು ಮಗು ಇದೇ ಹಳ್ಳದ ದಾರಿಯಲ್ಲಿ ಹೋಗಿದೆ. ಐದು ಮಿನಿಟಿನ ಕೆಲಸ ಎಂದಿರಲ್ಲ, ಇದು ಒಂದು ಗಂಟೆಯ ಕೆಲಸ. ಊರ ಕೆಲಸಕ್ಕೆ ಬಹುಮಾನ ಕೊಡಲು ಬಂದವರು ಒಂದು ಗಂಟೆಯ ಊರ ಕೆಲಸ ಮಾಡಿ ತೋರಿಸಿ, ನಾವೂ ನಿಮಗೆ ಚಪ್ಪಾಳೆ ತಟ್ಟುತ್ತೇವೆ. ಹೀಗೆ ಇನ್ನೂ ಏನೇನೋ ಅಂದೆ. ಅಷ್ಟು ಮಾತಾಡುವುದು ನನ್ನ ಕ್ರಮವಲ್ಲ.

ನನ್ನ ಮಾತು ಮುಗಿಯುವ ಮುಂಚೆಯೇ ಚಾಲಕ ಹೋಗಿ ಜೀಪಿನ ಹಿಂದಿನ ಬಾಗಿಲು ತೆಗೆದ. "ಸೀಟು ಮಡಚ್ತೀನಿ, ಹಂಗಽ ಒಳಗ ತಳ್ರಿ" ಎಂದ. ಮುಖ್ಯಸ್ಥರು ಅವನನ್ನು ಗುರಾಯಿಸಿದರು. ಅವನು ಸೀಟಿನ ಕಡೆ ನೋಡುತ್ತಿದ್ದ.

ಸ್ಟ್ರೆಚರ್ ಒಳಗೆ ಹೋಯಿತು. ಬಿದಿರಿನ ತುದಿಗಳು ಹಿಂದಿನಿಂದ ಹೊರಗೆ ಚಾಚಿದವು. ಅತ್ತೆ ಎಲ್ಲಿ ಎಂದು ತಿರುಗಿ ನೋಡಿದೆ. ಆಚೆ ದಡದಲ್ಲಿ ಇರಲಿಲ್ಲ. ಮನೆಯಲ್ಲಿ ಕೂತು ಅಳುತ್ತಿರಬೇಕು, ಬಿಟ್ಟು ಹೋಗುವುದು ಸರಿಯೇ ಎಂದು ಯೋಚಿಸುತ್ತಿರುವಾಗಲೇ ಅವರು ಸಂಕದ ಮೇಲೆ ಬೀಸು ಹೆಜ್ಜೆ ಹಾಕುತ್ತ ಬಂದರು. ಕೈಯಲ್ಲಿ ಬಾಯಿ ಕಟ್ಟಿದ ಬಟ್ಟೆ ಚೀಲ. ಅದರಲ್ಲಿ ಹಳೆ ಸೀರೆಯ ಮೆತ್ತನೆ ತುಂಡುಗಳು, ಸೊಸೆಯ ಬಟ್ಟೆ, ತುಪ್ಪದ ಡಬ್ಬಿ, ಒಣಶುಂಠಿ. ಅಷ್ಟು ಹೊತ್ತಿನಲ್ಲಿ ಅಷ್ಟನ್ನು ಹುಡುಕಿ ಕಟ್ಟಲು ಯಾರಿಂದಲೂ ಆಗದು. ಚೀಲ ಎಂದೋ ಕಟ್ಟಿ ಇಟ್ಟದ್ದು.

"ಹೋಪದಾದ್ರೆ ಬರಿಗೈಲಿ ಹೋಪದಾ?" ಎಂದು ನನ್ನನ್ನೇ ಗದರಿಸಿ ಜೀಪು ಹತ್ತಿದರು. ಸೊಸೆಯ ತಲೆಯ ಹತ್ತಿರ ಕೂತು, ಅವಳ ಮುಖ ನೋಡದೆ ಕೂದಲು ಸರಿ ಮಾಡಿದರು. ಮುಖ್ಯಸ್ಥರು ಮುಂದಿನ ಸೀಟಿನಲ್ಲಿ ಗಡಿಯಾರ ನೋಡುತ್ತ ಕೂತಿದ್ದರು. ಫೋಟೊದವನ ಮಡಿಲಲ್ಲಿ ಬ್ಯಾನರ್ ಇತ್ತು. ಅದನ್ನೂ ಅವನು ಕೇಳದೆ ಬಿಚ್ಚಿಕೊಂಡು ತಂದಿದ್ದ.

ಮೂರು ಗಂಟೆಗೆ ಸಿದ್ದಾಪುರದ ನನ್ನ ಮನೆ. ಜೊತೆಗೆ ಬಂದದ್ದು ಗಂಡ ಮತ್ತು ತಂಡದ ಇನ್ನೊಬ್ಬ. ಬಸುರಿಯನ್ನು ಕಿಟಕಿ ಪಕ್ಕದ ಮಂಚಕ್ಕೆ ಇಳಿಸಿದರು. ಮುಖ್ಯಸ್ಥರು ಜೀಪಿನಿಂದ ಇಳಿಯಲಿಲ್ಲ. "ಫಲಿತಾಂಶ ಪತ್ರದ ಮುಖಾಂತರ ತಿಳಸ್ತೀವ್ರಿ" ಎಂದರು. ಚಾಲಕ ಮಾತ್ರ ಅಂಗಳದ ತನಕ ಬಂದು ಒಂದು ಲೋಟ ನೀರು ಕುಡಿದು, ಅತ್ತೆಗೆ ಕೈ ಮುಗಿದು ಹೋದ.

ಒತ್ತಡ ನೋಡಿದೆ. ಹೆಚ್ಚೇ ಇತ್ತು, ಆದರೆ ಬೆಳಿಗ್ಗೆಯ ನನ್ನ ಭಯದಷ್ಟು ಇರಲಿಲ್ಲ. ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ತಿಳಿಸಿ ಬಂದೆ. ಉಪ್ಪು ಕಡಿಮೆ ಹಾಕಿದ ಗಂಜಿಯನ್ನು ಅತ್ತೆಯೇ ಮಾಡಿದರು, ನನ್ನ ಅಡುಗೆಮನೆಯಲ್ಲಿ ಡಬ್ಬಿಗಳ ಸಾಲನ್ನು ತಮಗೆ ಬೇಕಾದ ಹಾಗೆ ಬದಲಿಸಿಕೊಂಡು.

ಐದು ಗಂಟೆಗೆ ಹುಡುಗರು ಸ್ಟ್ರೆಚರ್ ಹೊತ್ತುಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ಮಳೆ ಯಾವತ್ತು ಹಿಡಿಯುತ್ತದೋ, ಹಳ್ಳದಾಚೆ ಬೇರೆಯವರಿಗೂ ಅದು ಬೇಕು. ಅರ್ಧ ಗಂಟೆಯಲ್ಲಿ ಅದೇ ಸ್ಟ್ರೆಚರ್ ಹೊತ್ತುಕೊಂಡು ವಾಪಸ್ಸು ಬಂದರು.

"ಕಂಡಕ್ಟರ್ ಹತ್ತಿಸಿಕೊಳ್ಳೋದಿಲ್ಲ ಅಂತಾನೆ. ಇದನ್ನ ಬಸ್ಸಿನ ಮೇಲೆ ಹಾಕಿದ್ರೆ ಒಬ್ಬ ಗಿರಾಕಿನೂ ಒಳಗೆ ಬರೋದಿಲ್ವಂತೆ" ಎಂದ ಗಂಡ. ಬೆಳಿಗ್ಗೆಯಿಂದ ಮೊದಲ ಸಲ ಅವನ ಮುಖದಲ್ಲಿ ನಗುವಿತ್ತು. ಒಳಗಿನಿಂದ ಅವನ ಹೆಂಡತಿ ನಕ್ಕದ್ದು ಕೇಳಿಸಿತು.

ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಜಗಲಿಯ ಮೇಲೆ ಕೂತು ಮೂವರೂ ಗಂಟು ಬಿಚ್ಚಿದೆವು. ಅವು ಅವರು ಬಿಗಿದ ಗಂಟುಗಳು, ನನ್ನ ಉಗುರಿಗೆ ಬಗ್ಗಲಿಲ್ಲ. ಅತ್ತೆ ಬಂದು ಹಗ್ಗಕ್ಕೆ ನೀರು ಚಿಮುಕಿಸಿ ತಾವೂ ಕೂತರು. ಬಿದಿರು ಬೇರೆ, ಪಟ್ಟಿ ಬೇರೆ, ಹಗ್ಗ ಸುರುಳಿ ಸುತ್ತಿ ಬೇರೆ. ಬಿದಿರಿಗೆ ಹತ್ತಿದ್ದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಎಲ್ಲವನ್ನೂ ಸೇರಿಸಿ ಒಂದು ಕಟ್ಟು ಮಾಡಿದೆ. ನಾನೂ ಬಸ್ ಸ್ಟ್ಯಾಂಡಿಗೆ ಹೋದೆ. ಕಂಡಕ್ಟರ್ ಕಟ್ಟನ್ನು ನೋಡಿದ, "ಬೇಲಿಗಾ?" ಎಂದು ಕೇಳಿದ. ಹೌದು ಎಂದೆ. ಹುಡುಗರು ಏಣಿ ಹತ್ತಿ ಅದನ್ನು ಮೇಲಿಟ್ಟು ಕಟ್ಟಿ, ಒಮ್ಮೆ ಎಳೆದು ನೋಡಿ, ಇಳಿದರು.